ಮದುವೆಗೆ ಮುಂಚೆ ತಮ್ಮನ ಬುಪ್ರೆನಾರ್ಫಿನ್ ಮಾತ್ರೆ ನಿಲ್ಲಿಸ್ಬೇಕಂತೆ, ಎಂತ ಮಾಡೋದು?

ಡೊಂಬಿವಲಿ ಅಕ್ಕ:

ಉದ್ದ ಆಗ್ತದೆ, ಬೇಜಾರು ಮಾಡ್ಕೊಳ್ಬೇಡಿ. ನಾವು ಕುಂದಾಪುರ ಕಡೆಯವರು, ಅಪ್ಪ ಹೋಟ್ಲು ಕೆಲ್ಸಕ್ಕೆ ಅಂತ ಮುಂಬೈಗೆ ಬಂದವರು ಇಲ್ಲೇ ಉಳ್ದ್ರು, ಈಗ ಡೊಂಬಿವಲಿಯಲ್ಲಿ ಮನೆ. ವಿಷ್ಯ ನನ್ನ ತಮ್ಮಂದು. ಅವ ಅಂಧೇರಿಯಲ್ಲಿ ಸಂಬಂಧಿಕರ ಹೋಟ್ಲಲ್ಲಿ ಕೌಂಟರ್ ನೋಡ್ಕೊಳ್ತಿದ್ದ, ಬೆಳಿಗ್ಗೆ ಹೋದ್ರೆ ರಾತ್ರಿ ಶಟರ್ ಎಳೆಯೋ ತನಕ ನಿಂತದ್ದೇ. ಬೆನ್ನುನೋವಿಗೆ ಅಂತ ಟ್ರಮಡಾಲ್ ಅನ್ನೋ ಅಫೀಮು ಜಾತಿಯ ನೋವಿನ ಮಾತ್ರೆ ಶುರು ಮಾಡಿದ, ಡಾಕ್ಟ್ರು ಬರ್ದದ್ದು ಕೆಲವು ದಿನಕ್ಕೆ, ಇವ ತಿಂದದ್ದು ವರ್ಷಗಟ್ಲೆ. 2018ರಲ್ಲಿ ಅದನ್ನ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾನೂನಿಗೆ ಸೇರ್ಸಿದ ಮೇಲೆ ಅವನಿಗೆ ಮೆಡಿಕಲ್ಲಲ್ಲಿ ಸುಮ್ನೆ ಸಿಗೋದು ನಿಂತಿತು, ಆಗ ಯಾರೋ ಬ್ರೌನ್ ಶುಗರ್, ಅಂದ್ರೆ ಕಲಬೆರಕೆ ಹೆರಾಯಿನ್, ಕೈಗೆ ಕೊಟ್ರು. ಮುಂದಿನದ್ದು ಬರಿಯೋದಿಲ್ಲ, ಮನೇಲಿ ಆದವರಿಗೆ ಗೊತ್ತುಂಟು. ಅಮ್ಮನ ಬಳೆ, ನನ್ನ ಲ್ಯಾಪ್‌ಟಾಪ್, ಅಪ್ಪ ಸೊಸೈಟಿಯಲ್ಲಿ ತೆಗ್ದ ಸಾಲ.

ನಶೆ ಬಿಡ್ಸೋ ಸೆಂಟರಿಗೆ ಹಾಕಿ ನೋಡಿದೆವು, ಬಂದ, ದಪ್ಪ ಆಗಿದ್ದ, ಪೂಜೆ ಎಲ್ಲ ಮಾಡ್ತಿದ್ದ, ತಿಂಗ್ಳು ಕಳೀಲಿಲ್ಲ ಮತ್ತೆ ಅದೇ. ಕೊನೆಗೆ ನನ್ನ ಆಫೀಸಿನವರೊಬ್ರು ಹೇಳಿ ಸರ್ಕಾರಿ ಆಸ್ಪತ್ರೆಯ ಸೈಕಿಯಾಟ್ರಿ ಓಪಿಡಿಗೆ ಕರ್ಕೊಂಡು ಹೋದೆ, ಅಲ್ಲಿ ಬುಪ್ರೆನಾರ್ಫಿನ್-ನಾಲೊಕ್ಸೋನ್ ಅಂತ ನಾಲಿಗೆ ಕೆಳಗೆ ಇಡೋ ಮಾತ್ರೆ ಶುರು ಮಾಡಿದ್ರು. ಈಗ ವರ್ಷದ ಮೇಲಾಯ್ತು. ಭಿವಂಡಿಯಲ್ಲಿ ಗೋಡೌನ್ ಕೆಲ್ಸ, ಸಂಬ್ಳ ತಂದು ಅಮ್ಮನ ಕೈಗೆ ಕೊಡ್ತಾನೆ, ಅಮ್ಮ ಈಗ ಪರ್ಸನ್ನ ಫ್ರಿಜ್ ಮೇಲೇ ಇಡ್ತಾರೆ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮನೇಲಿ ಇಲ್ಲ.

ಈಗ ತೊಂದ್ರೆ ಎಂತ ಅಂದ್ರೆ ಊರಿಂದ ಸೋದರಮಾವ ಒಂದು ಸಂಬಂಧ ತಂದಿದ್ದಾರೆ. ಅವರಿಗೆ ಮಾತ್ರೆ ವಿಷ್ಯ ಗೊತ್ತಾಯ್ತು. "ಇದೂ ಒಂದು ನಶೆಯೇ ಅಲ್ವಾ, ಸರ್ಕಾರವೇ ಕೊಡೋ ನಶೆ, ಹೀಗಿದ್ರೆ ಮಕ್ಕಳಾಗೋದಿಲ್ಲ, ಮದುವೆಗೆ ಮುಂಚೆ ಬಿಡ್ಸಿ" ಅಂತ ಹಟ ಹಿಡ್ದಿದ್ದಾರೆ. ಊರ ಹತ್ರ ಒಂದು ಸೆಂಟರ್ ಉಂಟಂತೆ, ಮಾತ್ರೆ ಏನೂ ಇಲ್ದೆ ಬೇರು ಸಮೇತ ತೆಗೀತಾರಂತೆ, ಅಡ್ವಾನ್ಸ್ ಕೂಡ ಮಾತಾಡಿ ಆಗಿದೆ. ಅಪ್ಪ ಅರ್ಧ ಒಪ್ಪಿದ್ದಾರೆ. ತಮ್ಮ ಬಾಯಿ ಬಿಡ್ತಾ ಇಲ್ಲ, ನೀವು ಹೇಳಿದ ಹಾಗೆ ಅಂತಾನೆ, ಅವನ ಆ ಮಾತಿಗೇ ನಂಗೆ ಹೆದ್ರಿಕೆ.

ಇದು ನಿಜವಾಗ್ಲೂ ಒಂದು ಬಿಟ್ಟು ಇನ್ನೊಂದು ಹಿಡ್ದ ಹಾಗೆಯಾ? ಎಷ್ಟು ವರ್ಷ ತಗೊಳ್ಬೇಕು? ಒಮ್ಮೆಲೇ ನಿಲ್ಸಿದ್ರೆ ಎಂತ ಆಗ್ತದೆ? ಹುಡುಗಿ ಕಡೆಯವರಿಗೆ ಹೇಳ್ಬೇಕಾ? ಗೊತ್ತಿದ್ದವರು ಹೇಳಿ, ಬೈಯೋದಾದ್ರೆ ಬೈರಿ, ಆದ್ರೆ ಸರಿಯಾದ್ದು ಹೇಳಿ.


ಗೋಡಂಬಿ ಬರ್ಫಿ:

ಅಕ್ಕಾ ನಮ್ಮ ಪರಿಚಯದವರ ಹತ್ರ ಗಿಡಮೂಲಿಕೆ ಪುಡಿ ಇದೆ, ಅವ್ರಿಗೆ ಗೊತ್ತಾಗ್ದೆ ಇರೋ ಹಾಗೆ ಚಾದಲ್ಲಿ ಹಾಕಿ ಕೊಡ್ಬೋದು, ನಂಬರ್ ಬೇಕಾ?


ಸಿಸ್ಟರ್ ಸಯನ್:

ಮೇಲಿನವರ ನಂಬರ್ ದಯವಿಟ್ಟು ತಗೋಬೇಡಿ. ಲೋಕಲ್ ಟ್ರೈನ್ ಡಬ್ಬದಲ್ಲಿ ಅಂಟ್ಸಿರ್ತಾರಲ್ಲ "ಬಿನಾ ಬತಾಯೇ ನಶಾ ಛುಡಾಯೇ" (ಹೇಳ್ದೇನೇ ನಶೆ ಬಿಡ್ಸಿ) ಅಂತ, ಅದೇ ಮಾಲು. ಆ ಪುಡಿಯಲ್ಲಿ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಅದ್ರಲ್ಲಿ ನಾಲ್ಟ್ರೆಕ್ಸೋನ್ ಥರ ನಶೆ ತಡೆಯೋ ಔಷಧಿ ಏನಾದ್ರೂ ಇದ್ರೆ ಬುಪ್ರೆನಾರ್ಫಿನ್ ಮೇಲಿರೋ ಹುಡುಗನಿಗೆ ಜೋರು ವಿತ್‌ಡ್ರಾವಲ್, ಅಂದ್ರೆ ನಶೆ ಇಳಿದಾಗಿನ ಸಂಕಟ, ಶುರುವಾಗ್ಬೋದು, ವಾಂತಿ ಭೇದಿ ಎಲ್ಲ.

ಈಗ ವಿಷಯಕ್ಕೆ. ನಾನು ಹಾಸನದವಳು, ಮುಂಬೈಲಿ ಆಸ್ಪತ್ರೆ ನರ್ಸು, ಡಿ-ಅಡಿಕ್ಷನ್ ಕೆಲಸ ತುಂಬಾ ವರ್ಷ ನೋಡಿದೀನಿ. ಡಾಕ್ಟರ್ ಅಲ್ಲ, ಡೋಸ್ ವಿಷಯ ನನ್ನ ಕೇಳ್ಬೇಡಿ, ಆದ್ರೆ ನೀವು ಕೇಳಿದ್ದು ದಿನಾ ಯಾರಾದ್ರೂ ಅಮ್ಮಂದಿರು ನನ್ನ ಕಿಟಕಿ ಹತ್ರ ನಿಂತು ಕೇಳ್ತಾರೆ.

ಮೆದುಳಲ್ಲಿ ಓಪಿಯಾಯ್ಡ್, ಅಂದ್ರೆ ಅಫೀಮು ಜಾತಿಯ ಔಷಧಿ-ನಶೆಗಳು, ಹೋಗಿ ಕೂರೋ ಜಾಗಗಳಿವೆ, ಮ್ಯೂ ರಿಸೆಪ್ಟರ್ ಅಂತಾರೆ. ಬ್ರೌನ್ ಶುಗರ್ ಅಲ್ಲಿ ಹೋಗಿ ಪೂರ್ತಿ ಜೋರಾಗಿ ಕೆಲಸ ಮಾಡುತ್ತೆ, ಕೆಲವೇ ಗಂಟೇಲಿ ಇಳಿಯುತ್ತೆ, ಇಳಿದ ತಕ್ಷಣ ಮೈಕೈ ನೋವು, ಆಕಳಿಕೆ, ಮೂಗು ಸೋರೋದು, ಅದಕ್ಕೇ ದಿನಕ್ಕೆ ಮೂರ್ನಾಲ್ಕು ಸಲ ಹುಡುಕ್ಕೊಂಡು ಓಡ್ಬೇಕು. ಬುಪ್ರೆನಾರ್ಫಿನ್ ಅದೇ ಜಾಗದಲ್ಲೇ ಕೂರುತ್ತೆ ಆದ್ರೆ ಅರ್ಧ ಕೆಲಸ ಮಾತ್ರ ಮಾಡುತ್ತೆ, ಮತ್ತೆ ಗಟ್ಟಿಯಾಗಿ ಅಂಟ್ಕೊಂಡು ಕೂತಿರುತ್ತೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತೋರಿಗೆ ಹೇಳೋದಾದ್ರೆ, ಕಲ್ಯಾಣದಿಂದ್ಲೇ ಸೀಟ್ ಹಿಡಿದು ಬಂದೋನು ಸಿಎಸ್‌ಟಿ ಬರೋ ತನಕ ಏಳಲ್ಲ, ಆಮೇಲೆ ಹತ್ತಿದ ಬ್ರೌನ್ ಶುಗರ್ ಬಾಗಿಲಲ್ಲೇ ನೇತಾಡ್ಬೇಕು. ರಕ್ತದಲ್ಲಿ ಅದರ ಅರ್ಧ ಇಳಿಯೋಕೇ ಒಂದು ದಿನದ ಮೇಲೆ ಬೇಕು, ಹಾಗಾಗಿ ಏರಿಳಿತ ಇಲ್ಲ. ಒಂದು ಮಟ್ಟದ ಮೇಲೆ ಎಷ್ಟು ಜಾಸ್ತಿ ತಗೊಂಡ್ರೂ ಉಸಿರಾಟದ ಮೇಲೆ ಹೆಚ್ಚು ಪರಿಣಾಮ ಆಗಲ್ಲ, ಅದಕ್ಕೇ ಬ್ರೌನ್ ಶುಗರ್ ಥರ ಓವರ್‌ಡೋಸ್ ಆಗೋದು ಕಡಿಮೆ. ಆದ್ರೆ ದಾರು ಜೊತೆ, ನಿದ್ದೆ ಮಾತ್ರೆ ಜೊತೆ ಆದ್ರೆ ಈ ಮಾತು ಸುಳ್ಳಾಗುತ್ತೆ, ಮುಂಬೈಲಿ ಬಟನ್ ಅಂತ ಮಾರ್ತಾರಲ್ಲ ಆ ನೈಟ್ರಜೆಪಾಮ್, ಅದ್ರ ಜೊತೆ ಸೇರಿದ್ರೆ ಜೀವಕ್ಕೇ ಅಪಾಯ. ಮದುವೆ ಮನೇಲಿ ಯಾರೋ ಒಂದು ಪೆಗ್ ಅಂತ ಒತ್ತಾಯ ಮಾಡ್ತಾರೆ, ಅದನ್ನ ನೆನಪಿಟ್ಕೊಳ್ಳಿ.

ನಾಲೊಕ್ಸೋನ್ ಯಾಕೆ ಸೇರ್ಸಿದಾರೆ ಅಂದ್ರೆ ನಾಲಿಗೆ ಕೆಳಗೆ ಇಟ್ರೆ ಅದು ಹೆಚ್ಚುಕಮ್ಮಿ ಒಳಗೆ ಹೋಗಲ್ಲ, ಯಾರಾದ್ರೂ ಮಾತ್ರೆ ಕರಗ್ಸಿ ಸೂಜಿಗೆ ಹಾಕ್ಕೊಂಡ್ರೆ ಮಾತ್ರ ಕೆಲಸ ಮಾಡಿ ನಶೆ ಕೆಡ್ಸುತ್ತೆ.

ನಿಮ್ಮ ಮಾವ "ಸರ್ಕಾರ ಕೊಡೋ ನಶೆ" ಅಂದ್ರಲ್ಲ, ಅವ್ರನ್ನ ಒಂದು ದಿನ ಓಪಿಡಿಗೆ ಕರ್ಕೊಂಡು ಬನ್ನಿ. ಹೊಸಬರು ದಿನಾ ಬೆಳಿಗ್ಗೆ ಬಂದು ಕಾರ್ಡ್ ತೋರ್ಸಿ ಸಹಿ ಹಾಕ್ತಾರೆ, ನಾವು ಮಾತ್ರೆ ಪುಡಿ ಮಾಡಿ ನಾಲಿಗೆ ಕೆಳಗೆ ಹಾಕ್ತೀವಿ, ಬೆಂಚ್ ಮೇಲೆ ಬಾಯಿ ಮುಚ್ಕೊಂಡು ಕೂರ್ಬೇಕು, ಜೊಲ್ಲು ನುಂಗೋ ಹಾಗಿಲ್ಲ, ಮಾತಾಡೋ ಹಾಗಿಲ್ಲ, ಕರಗಿದ ಮೇಲೆ ನಾಲಿಗೆ ಎತ್ತಿ ತೋರ್ಸಿದ್ರೆ ಬಿಡ್ತೀವಿ. ಆ ಬೆಂಚಲ್ಲಿ ಆಟೋ ಡ್ರೈವರ್, ಬಿಎಂಸಿ ಕೆಲಸದವ್ರು, ಕಾಲೇಜ್ ಹುಡುಗ್ರು ಎಲ್ಲ ಇರ್ತಾರೆ, ಒಬ್ಬರಿಗೂ ಅಲ್ಲಿ ನಶೆ ಏರಲ್ಲ, ಎದ್ದು ನೇರ ಡ್ಯೂಟಿಗೆ ಹೋಗ್ತಾರೆ.

ಮೈಗೆ ಅಭ್ಯಾಸ ಆಗುತ್ತಾ ಅಂದ್ರೆ ಹೌದು, ಆಗುತ್ತೆ, ಒಮ್ಮೆಲೇ ನಿಲ್ಸಿದ್ರೆ ವಿತ್‌ಡ್ರಾವಲ್ ಬರುತ್ತೆ, ನಿಧಾನಕ್ಕೆ ಶುರುವಾಗಿ ವಾರಗಟ್ಟಲೆ ಎಳೆಯುತ್ತೆ. ಆದ್ರೆ ಅಮ್ಮನ ಬಳೆ ಕದಿಯೋದು, ಸುಳ್ಳು ಹೇಳೋದು, ಬೇರೆ ಏನೂ ಬೇಡ ಅನ್ನೋ ಹುಚ್ಚು, ಅದು ಈಗ ಇದೆಯಾ ನಿಮ್ಮನೇಲಿ? ನಿಮ್ಮ ಅಮ್ಮನ ಪರ್ಸೇ ಉತ್ತರ ಹೇಳ್ತಿದೆ.

ಎಲ್ಲಕ್ಕಿಂತ ಭಯ ಪಡ್ಬೇಕಾದ್ದು ಒಮ್ಮೆಲೇ ನಿಲ್ಸೋದ್ರಿಂದ ಬರೋ ವಾಂತಿಭೇದಿಗಲ್ಲ, ಅದರ ನಂತರದ್ದಕ್ಕೆ. ಕೆಲವು ವಾರ ಖಾಲಿ ಇದ್ರೆ ಮೈಗೆ ತಡ್ಕೊಳ್ಳೋ ಶಕ್ತಿ ಇಳಿದುಹೋಗುತ್ತೆ. ಆಮೇಲೆ ಒಂದು ಕೆಟ್ಟ ದಿನ, ಹಳೇ ದೋಸ್ತು, ಹಳೇ ಅಳತೆ, ಉಸಿರು ನಿಲ್ಲುತ್ತೆ. ಸೆಂಟರಿಂದ, ಜೈಲಿಂದ ಹೊರಗೆ ಬಂದ ಮೊದಲ ವಾರಗಳೇ ಓವರ್‌ಡೋಸ್ ಸಾವಿಗೆ ಅತೀ ಕೆಟ್ಟ ಕಾಲ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಬಂತು, ಸಣ್ಣದು, 40 ಜನ, ಹೆರಾಯಿನ್ ಚಟ ಇದ್ದೋರು. ಕೌನ್ಸೆಲಿಂಗ್, ಗ್ರೂಪ್ ಥೆರಪಿ ಎಲ್ರಿಗೂ ಒಂದೇ ಥರ. 20 ಜನಕ್ಕೆ ವರ್ಷಪೂರ್ತಿ ಬುಪ್ರೆನಾರ್ಫಿನ್, ಇನ್ನು 20 ಜನಕ್ಕೆ 6 ದಿನ ಇಳಿಸ್ತಾ ಕೊಟ್ಟು ಆಮೇಲೆ ಔಷಧಿ ಇಲ್ಲದ ಖಾಲಿ ಮಾತ್ರೆ. ವರ್ಷ ಮುಗಿದಾಗ ಮೊದಲ ಗುಂಪಲ್ಲಿ 15 ಜನ ಚಿಕಿತ್ಸೆಯಲ್ಲಿ ಉಳಿದಿದ್ರು. ಎರಡನೇ ಗುಂಪಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ಕು ಜನ ಸತ್ತಿದ್ರು. ನಿಮ್ಮ ಮಾವ ಹೇಳೋ ಸೆಂಟರ್ ಮಾಡೋದೂ ಈ ಎರಡನೇ ಗುಂಪಿಗೆ ಮಾಡಿದ್ದನ್ನೇ, ಸ್ವೀಡನ್ನಲ್ಲಿ ಆರು ದಿನ ಆದ್ರೂ ಇಳಿಸ್ತಾ ಕೊಟ್ರು, ಇವ್ರು ಅದನ್ನೂ ಕೊಡಲ್ಲ.

ಎಷ್ಟು ವರ್ಷ ಅಂದ್ರೆ ಲೆಕ್ಕ ಇಲ್ಲ. ಕೆಲವ್ರು ಎರಡು ವರ್ಷದಲ್ಲಿ ನಿಧಾನಕ್ಕೆ ಇಳಿಸ್ಕೊಂಡು ಬಿಡ್ತಾರೆ, ಕೆಲವ್ರು ಹತ್ತು ವರ್ಷ ತಗೊಳ್ತಾರೆ. ಬಿಡೋ ಮನಸ್ಸು ತಮ್ಮನಿಗೆ ಬರ್ಬೇಕು, ಡಾಕ್ಟರ್ ಜೊತೆ ಕೂತು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸ್ಬೇಕು, ನಡುವೆ ಕಷ್ಟ ಆದ್ರೆ ಮತ್ತೆ ಏರಿಸ್ಬೇಕು. ಮದುವೆ ಡೇಟ್ ನೋಡಿ ಮಾತ್ರೆ ಡೇಟ್ ಫಿಕ್ಸ್ ಮಾಡೋದು ಅತ್ಯಂತ ಕೆಟ್ಟ ಯೋಚನೆ, ಮದುವೆ ಅಂದ್ರೇನೇ ಟೆನ್ಷನ್, ನಿದ್ದೆ ಇಲ್ಲ, ದುಡ್ಡು ಕೈಯಲ್ಲಿ ಓಡಾಡುತ್ತೆ.

ಮಕ್ಕಳ ವಿಷಯ: ಓಪಿಯಾಯ್ಡ್ ಯಾವುದೇ ಆಗ್ಲಿ ತುಂಬಾ ಕಾಲ ತಗೊಂಡ್ರೆ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಇಳಿಯಬಹುದು, ಬ್ರೌನ್ ಶುಗರ್‌ಗೂ ಅದೇ ಕತೆ. ಇದೇ ಚಿಕಿತ್ಸೆಗೆ ಕೊಡೋ ಇನ್ನೊಂದು ಔಷಧಿ ಮೆಥಡೋನ್‌ಗೆ ಹೋಲಿಸಿದ್ರೆ ಬುಪ್ರೆನಾರ್ಫಿನ್ನಲ್ಲಿ ಕಡಿಮೆ. ತೊಂದರೆ ಅನ್ಸಿದ್ರೆ ಒಂದು ರಕ್ತಪರೀಕ್ಷೆ, ಅದಕ್ಕೂ ಚಿಕಿತ್ಸೆ ಇದೆ. ಮಕ್ಕಳಾಗೋದೇ ಇಲ್ಲ ಅನ್ನೋದು ಸುಳ್ಳು, ನಮ್ಮ ಓಪಿಡಿಗೆ ಪೇಡೆ ತಂದು ಕೊಟ್ಟೋರು ಎಷ್ಟೋ ಜನ ಇದ್ದಾರೆ.


ಒಂದು ದಿನ ಮಾತ್ರ:

ಸಿಸ್ಟರ್ ಹೇಳಿದ್ದಕ್ಕೆ ಗೌರವ ಇಟ್ಟೇ ಹೇಳ್ತೀನಿ, ನಾನು ಒಪ್ಪಲ್ಲ. ನಾನೂ ಗರ್ದ್ (ಬ್ರೌನ್ ಶುಗರ್) ಹೊಡೆದವನೇ, ದಾದರ್ ಸ್ಟೇಷನ್ ಬ್ರಿಜ್ ಕೆಳಗೆ ಮಲಗಿದವನು, ಗರ್ದುಲ್ಲಾ ಅಂತ ಜನ ಕಲ್ಲು ಹೊಡೆದಿದ್ದಾರೆ. ನನ್ನ ಉಳಿಸಿದ್ದು ಎನ್‌ಎ (ನಾರ್ಕೋಟಿಕ್ಸ್ ಅನಾನಿಮಸ್, ಚಟ ಬಿಟ್ಟೋರ ಗುಂಪು) ಮೀಟಿಂಗ್, ಚರ್ಚ್ ಹಾಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂರ್ತೀವಿ, ಮಾತ್ರೆ ಇಲ್ಲ ಏನಿಲ್ಲ. ಎಷ್ಟೋ ವರ್ಷದಿಂದ ಕ್ಲೀನ್ ಇದೀನಿ. ಮತ್ತೆ ಈ ಮಾತ್ರೆ ರಸ್ತೇಲಿ ಮಾರ್ತಾರೆ ಅನ್ನೋದೂ ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದೀನಿ, ಕ್ಲಿನಿಕ್ಕಿಂದ ಬಾಯಲ್ಲಿ ಇಟ್ಕೊಂಡು ಬಂದು ಹೊರಗೆ ಉಗಿದು ಕರಗ್ಸಿ ಸೂಜಿ ಚುಚ್ಕೊಳ್ಳೋರು. ಮತ್ತೆ ಎಲ್ಲ ಸೆಂಟರ್ ಕಳ್ಳರದ್ದಲ್ಲ, ಪುಣೆಯಲ್ಲಿ ಅನಿಲ್ ಅವಚಟ್, ಸುನಂದಾ ಅವಚಟ್ 1986ರಲ್ಲಿ ಶುರು ಮಾಡಿದ ಮುಕ್ತಾಂಗಣ ಇದೆ, ಬಾಂದ್ರಾದಲ್ಲಿ ಶುರುವಾದ ಕೃಪಾ ಇದೆ, ಎಷ್ಟು ಮನೆ ಉಳಿಸಿದಾರೆ. ಒಳಗಿಂದ ಮನುಷ್ಯ ಬದಲಾಗ್ದೆ ಬರೀ ಮಾತ್ರೆ ಕೊಟ್ರೆ ಏನು ಪ್ರಯೋಜನ?


ವಿಜಾಪುರದಾಂವ ಗೋವಂಡಿ:

ಅಣ್ಣಾ ನಿಮ್ಗ ಮೀಟಿಂಗ್ ಕೆಲ್ಸ ಮಾಡ್ತು, ಭಾಳ ಛಲೋ ಆತು, ಕೈ ಮುಗೀತೀನಿ. ನನಗ ಮಾಡ್ಲಿಲ್ರಿ. ನಾನೂ ಕುಂತೀನಿ ಆ ಪ್ಲಾಸ್ಟಿಕ್ ಕುರ್ಚಿ ಮ್ಯಾಲ. ಕುಂತಾಗ ಎಲ್ಲಾ ಖರೇ ಅನಸ್ತಿತ್ತು, ಹೊರಗ ಬಂದ ಕೂಡ್ಲೆ ಟರ್ಕಿ (ನಶಾ ಇಳಿದಾಗಿನ ಸಂಕಟ) ಹತ್ತಿ ಕಾಲಾಗಿನ ಎಲುಬು ಯಾರೋ ಹಿಂಡಿದಂಗ ಆಗೂದು, ಮನಸ್ಸು ಬದಲಾಗಲಿಕ್ಕೆ ಮೊದಲ ರಾತ್ರಿ ನಿದ್ದಿ ಬರಬೇಕಲ್ರಿ. ಮಾತ್ರಿ ನನಗ ನಿದ್ದಿ ಕೊಡ್ತು, ಮೀಟಿಂಗಿಗೆ ಆಮ್ಯಾಲ ಹೋದೆ, ಈಗೂ ಹೋಗ್ತೀನಿ ಆದ್ರ ಅಲ್ಲಿ ಮಾತ್ರಿ ವಿಷಯ ಬಾಯಿ ಬಿಡಂಗಿಲ್ಲ, ಬಿಟ್ರ ಕೆಲವರು ನೀ ಕ್ಲೀನ್ ಅಲ್ಲ ಅಂತಾರ. ಎರಡೂ ಒಟ್ಟಿಗೆ ನಡೀಬಾರದು ಅಂತ ಯಾವ ದೇವ್ರು ಹೇಳ್ಯಾನೋ ಗೊತ್ತಿಲ್ಲ.

ಅಕ್ಕಾರ, ನಾ ಗೌಂಡಿ ಕೆಲಸಕ್ಕ ಅಂತ ಅಪ್ಪನ ಜೋಡಿ ಬಂದಾಂವ, ಈಗ ಸೈಟ್ ಸೂಪರ್‌ವೈಜರ್. ನಾನೂ ಇದೇ ಮಾತ್ರಿ ಮ್ಯಾಲ ಅದೀನಿ, ಭಾಳ ವರ್ಷಾತು. ಮಾತ್ರಿ ಚಾಲೂ ಆಗೂಕಿಂತ ಮೊದಲ ಮನ್ಯಾಗಿನವರು ನನ್ನೂ ಒಂದು ಕೇಂದ್ರಕ್ಕ ಹಾಕಿದ್ರು, ಹೆಸರು ಹೇಳಂಗಿಲ್ಲ. ಹೋದ ದಿನಾನ ತಲಿ ಬೋಳ್ಸಿದ್ರು. ಟರ್ಕಿಯೊಳಗ ಇದ್ದಾಂವಗ ತಣ್ಣೀರು ಸುರವಿ ನೆಲಾ ಒರಸಾಕ ಹಚ್ಚಿದ್ರು, ತಿರಗಿ ಮಾತಾಡಿದ್ರ ಪೈಪಿನ ಏಟು. ಫೋನಿನ್ಯಾಗ ಅವ್ವಗ "ಆರಾಮ ಅದೀನಿ" ಅನ್ನೂ ಮುಂದ ಒಬ್ಬ ಬಾಜೂಕ ನಿಂತಿರ್ತಿದ್ದ. ಅಲ್ಲಿ ನನ್ನ ಬಾಜೂಕ ಮಲಗ್ತಿದ್ದ ಒಬ್ಬ ಹುಡುಗ, ಮಾನಖುರ್ದದಾಂವ, ಛಲೋ ಹಾಡ್ತಿದ್ದ. ಹೊರಗ ಬಂದು ಒಂದು ವಾರ ಆಗಿರಲಿಲ್ಲ, ಸುಲಭ್ ಶೌಚಾಲಯದಾಗ ಸಿಕ್ಕ. ಹಳೀ ಅಳತಿಯಷ್ಟೇ ತಗೊಂಡಿದ್ದ ಅಂತ. ಸಿಸ್ಟರ್ ಹೇಳಿದ್ದು ಅದನ್ನ.

ಮಾತ್ರಿ ಅಂದ್ರ ಸ್ವರ್ಗ ಅಂತ ತಿಳೀಬ್ಯಾಡ್ರಿ ಮತ್ತ. ಸಂಡಾಸ ಕಟ್ಟತದ, ನಾ ದಿನಾ ರಾತ್ರಿ ಇಸಬಗೋಲ್ ತಗೋತೀನಿ. ಬೆವರು ಭಾಳ. ಮೊದಮೊದಲ ದಿನಾ ದವಾಖಾನಿಗೆ ಹೋಗಿ ಲೈನ್ ಹಚ್ಚೂದ್ರಾಗ ಅರ್ಧಾ ಹಾಜರಿ ಹೋಗ್ತಿತ್ತು, ಮುಕಾದಮ ಬೈತಿದ್ದ, ಈ ಒಂದ್ ಕಾರಣಕ್ಕ ಎಷ್ಟ್ ಮಂದಿ ಬಿಟ್ಟು ಹೋದ್ರು ಅಂತೀರಿ. ಮಂದಿ ಮಾತ್ರಿ ಕೆಟ್ಟದ್ದು ಅಂತಾರ, ನಾ ಹೇಳ್ತೀನಿ ಲೈನ್ ಕೆಟ್ಟದ್ದು. ಕೊರೋನಾ ಟೈಮಿನ್ಯಾಗ ಮನಿಗೆ ಒಯ್ಯಾಕ ಕೊಡೂದು ಚಾಲೂ ಆತು, ಆವಾಗ ನಮಗ ಉಸಿರು ಬಂತು.

ಹಲ್ಲಿಂದು ಯಾರೂ ಹೇಳಂಗಿಲ್ಲ, ನಾ ಹೇಳ್ತೀನಿ. ಬಾಯಾಗ ಕರಗೂ ಮಾತ್ರಿ ಹಲ್ಲು ಕೆಡಸ್ತದ ಅಂತ 2022ರಾಗ ಅಮೆರಿಕಾದ ಔಷಧ ಇಲಾಖಿ ಎಫ್‌ಡಿಎ ಎಚ್ಚರಿಕಿ ಕೊಟ್ಟೈತಿ. ಮಾತ್ರಿ ಪೂರಾ ಕರಗಿದ ಮ್ಯಾಲ ಒಂದ್ ಗುಟುಕು ನೀರು ಬಾಯಾಗ ತಿರಗಿಸಿ ನುಂಗಬೇಕು, ಬ್ರಶ್ ಮಾತ್ರ ಒಂದು ತಾಸು ಬಿಟ್ಟು ಮಾಡಬೇಕು. ನನ್ನ ಎರಡು ದವಡಿ ಹಲ್ಲು ಹೋಗ್ಯಾವ, ತಮ್ಮಗ ಈಗ್ಲೇ ಹೇಳ್ರಿ.

ಲಗ್ನದ್ದು ಕೇಳಿದ್ರಿ. ನಾ ಲಗ್ನಾಗೂಕಿಂತ ಮೊದಲ ಹೇಳ್ದೆ, ಹುಡುಗಿಗೆ, ಅವರ ಅಣ್ಣಗ. ಒಂದ್ ಮನಿಯವ್ರು ಬ್ಯಾಡ ಅಂದು ಹೋದ್ರು. ಈಗಿನ ಹೆಂಡ್ತಿ ಎರಡು ದಿನ ಸುಮ್ಕಿದ್ದು "ದವಾಖಾನಿ ಕಾಗದ ತೋರ್ಸು" ಅಂದ್ಲು, ತೋರಿಸ್ದೆ. ಈಗ ಮಾತ್ರಿ ಡಬ್ಬಿ ಕೀಲಿ ಅಕಿ ಕಡೇನ ಐತಿ.


ಒಂದು ದಿನ ಮಾತ್ರ:

ಆ ಹುಡುಗನ ವಿಷ್ಯ ಓದಿ ಬೇಜಾರಾಯ್ತು. ನಮ್ಮ ಮೀಟಿಂಗಲ್ಲೂ ಹಾಗೆ ಹೋದೋರಿದ್ದಾರೆ. ಕ್ಲೀನ್ ಅಲ್ಲ ಅಂತ ಯಾರಿಗೂ ನಾನು ಹೇಳಲ್ಲ, ನಮ್ಮ ಗ್ರೂಪಿಗೆ ಬನ್ನಿ. ಆದ್ರೂ ನನ್ನ ಮಟ್ಟಿಗೆ ಮಾತ್ರೆ ಇಲ್ದೇ ಇರೋದೇ ಮುಕ್ತಿ.


ಕೋರ್ಟ್ ನಾಕಾ ಥಾಣೆ:

ಕಾನೂನಿನ ಬಗ್ಗೆ ನಾಲ್ಕು ಮಾತು, ಯಾಕಂದ್ರೆ ಈ "ಅಡ್ವಾನ್ಸ್ ಮಾತಾಡಿ ಆಗಿದೆ" ಅನ್ನೋದು ಓದಿ ಸುಮ್ನಿರೋಕೆ ಆಗ್ಲಿಲ್ಲ. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟ್ ಪ್ರಕಾರ ಮದ್ಯ, ಡ್ರಗ್ಸ್ ಚಟದಿಂದ ಬರೋ ಸ್ಥಿತಿಗಳೂ ಮಾನಸಿಕ ಕಾಯಿಲೆ ಅನ್ನೋ ವ್ಯಾಖ್ಯೆಯೊಳಗೇ ಬರ್ತವೆ. ಅಂದ್ರೆ ಅಂಥವರನ್ನ ಒಳಗಿಟ್ಟು ಚಿಕಿತ್ಸೆ ಕೊಡೋ ಜಾಗ ರಾಜ್ಯದ ಮೆಂಟಲ್ ಹೆಲ್ತ್ ಅಥಾರಿಟಿಯಲ್ಲಿ ನೋಂದಣಿ ಆಗಿರ್ಬೇಕು. ಮಾವನ ಹತ್ರ ಮೊದ್ಲು ಆ ರಿಜಿಸ್ಟ್ರೇಷನ್ ನಂಬರ್ ಕೇಳಿ, ಎಷ್ಟೋ ಸಲ ಮಾತುಕತೆ ಅಲ್ಲೇ ಮುಗಿಯುತ್ತೆ. ಬಲವಂತವಾಗಿ ತಲೆ ಬೋಳ್ಸೋ ಹಾಗಿಲ್ಲ ಅಂತ 20ನೇ ಸೆಕ್ಷನ್ನಲ್ಲೇ ಬರೆದಿದೆ, ಸರಪಳಿ ಹಾಕೋದನ್ನ 95ನೇ ಸೆಕ್ಷನ್ ನಿಷೇಧಿಸುತ್ತೆ. ವಯಸ್ಸಿಗೆ ಬಂದವನನ್ನ ಅವನ ಒಪ್ಪಿಗೆ ಇಲ್ದೆ ಮಾವ ಸಹಿ ಹಾಕಿ ಒಳಗೆ ಹಾಕೋಕೆ ಬರಲ್ಲ. ಸೆಕ್ಷನ್ 89ರಲ್ಲಿ ಅದಕ್ಕೆ ಬೇರೆ ದಾರಿ ಇದೆ, ನಾಮಿನೇಟೆಡ್ ರೆಪ್ರೆಸೆಂಟೇಟಿವ್ (ರೋಗಿಯ ಪ್ರತಿನಿಧಿ) ಅರ್ಜಿ ಹಾಕ್ಬೇಕು, ಒಬ್ಬ ಸೈಕಿಯಾಟ್ರಿಸ್ಟ್ ಮತ್ತೆ ಇನ್ನೊಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರ್ಬೇಕು, ಅದೂ ಕಾಯಿಲೆ ತೀರಾ ಜೋರಿದ್ದಾಗ. ಭಿವಂಡಿಗೆ ಕೆಲಸಕ್ಕೆ ಹೋಗಿ ಸಂಬಳ ತರೋ ಹುಡುಗ ಅದ್ರಲ್ಲಿ ಎಲ್ಲಿ ಬರ್ತಾನೆ?

ತಮ್ಮ ಬಯಸಿದ್ರೆ ಸೆಕ್ಷನ್ 5ರ ಅಡ್ವಾನ್ಸ್ ಡೈರೆಕ್ಟಿವ್ ಬರೆದಿಡ್ಬೋದು, ನನಗೆ ಹೀಗೆ ಚಿಕಿತ್ಸೆ ಬೇಕು ಹೀಗೆ ಬೇಡ ಅಂತ, ನಿಮ್ಮನ್ನೇ ಪ್ರತಿನಿಧಿ ಅಂತ ಹೆಸರಿಸ್ಬೋದು. ಮತ್ತೆ ಹಳೇ ಕೇಸ್ ಏನಾದ್ರೂ ಇದ್ರೆ, ಸೇವನೆ ಅಥವಾ ಸಣ್ಣ ಪ್ರಮಾಣದ್ದು ಆಗಿದ್ರೆ, ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ತಗೊಳ್ಳೋನಿಗೆ ಎನ್‌ಡಿಪಿಎಸ್ 64ಎ ಪ್ರಕಾರ ವಿಚಾರಣೆಯಿಂದ ವಿನಾಯ್ತಿ ಸಿಗ್ಬೋದು, ಆದ್ರೆ ಚಿಕಿತ್ಸೆ ಪೂರ್ತಿ ಮಾಡ್ಬೇಕು, ಅರ್ಧಕ್ಕೆ ಬಿಟ್ರೆ ಆ ವಿನಾಯ್ತಿ ವಾಪಸ್ ತಗೊಳ್ಬೋದು.


ನೆರೂಲ್ ಸೆಕ್ಟರ್ ಹುಡುಗ:

ನಂದೂ ಒಂದು ಡೌಟು, ಇದ್ರ ಬದ್ಲು ನಾಲ್ಟ್ರೆಕ್ಸೋನ್ ಕೊಟ್ರೆ ಆಗಲ್ವಾ? ಅದ್ರಲ್ಲಿ ನಶೆ ಇಲ್ಲ ಅಂತಾರೆ, ಮಾವನಿಗೂ ಖುಷಿ ಆಗ್ಬೋದು.


ಸಿಸ್ಟರ್ ಸಯನ್:

ನಾಲ್ಟ್ರೆಕ್ಸೋನ್ ಒಳ್ಳೇ ಔಷಧಿಯೇ, ಅದು ರಿಸೆಪ್ಟರ್‌ನ ಬ್ಲಾಕ್ ಮಾಡುತ್ತೆ, ಅದ್ರ ಮೇಲೆ ಬ್ರೌನ್ ಶುಗರ್ ತಗೊಂಡ್ರೆ ಏನೂ ಏರಲ್ಲ. ಆದ್ರೆ ಶುರು ಮಾಡೋಕೆ ಮುಂಚೆ ಮೈಯಲ್ಲಿ ಓಪಿಯಾಯ್ಡ್ ಒಂದು ವಾರ ಹತ್ತು ದಿನ ಇರಬಾರ್ದು, ಬುಪ್ರೆನಾರ್ಫಿನ್ ಬಿಟ್ಟೋರಿಗೆ ಇನ್ನೂ ಜಾಸ್ತಿ ಕಾಯ್ಬೇಕಾಗ್ಬೋದು, ಆ ದಿನಗಳನ್ನ ದಾಟೋದೇ ಕಷ್ಟ. ಮಾತ್ರೆ ರೂಪದಲ್ಲಿ ಕೊಟ್ಟಾಗ ಹೆಚ್ಚಿನವರು ಕೆಲವು ವಾರದಲ್ಲಿ ನುಂಗೋದೇ ಬಿಡ್ತಾರೆ, ಬಿಟ್ಟಾಗ ತಡ್ಕೊಳ್ಳೋ ಶಕ್ತಿ ಇರಲ್ಲ, ಮತ್ತೆ ಅದೇ ಅಪಾಯ. ಮನೆಯವ್ರು ಗಟ್ಟಿಯಾಗಿ ನಿಂತು ದಿನಾ ಎದುರಿಗೇ ಕೊಡೋ ಹಾಗಿದ್ದು, ರೋಗಿಗೂ ಇಷ್ಟ ಇದ್ರೆ ಡಾಕ್ಟರ್ ಕೊಡ್ತಾರೆ. ಈಗ ಚೆನ್ನಾಗಿ ನಡೀತಿರೋದನ್ನ ಮಾವನ ಖುಷಿಗೆ ಬದಲಾಯ್ಸೋಕೆ ಕಾರಣ ಕಾಣ್ಸಲ್ಲ.

ಒಂದು ದಿನ ಮಾತ್ರ ಅವ್ರೇ, ರಸ್ತೇಲಿ ಮಾರ್ತಾರೆ ಅಂದ್ರಲ್ಲ, ನಿಜ. ಅದಕ್ಕೇ ಪುಡಿ ಮಾಡಿ ಕೊಡೋದು, ನಾಲಿಗೆ ಎತ್ತಿಸೋದು. ಮಹಾರಾಷ್ಟ್ರದಲ್ಲಿ ಮಾತ್ರ ಅಲ್ಲ, 2007ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ಕಾರ್ಯಕ್ರಮದ ಮೂರನೇ ಹಂತದಿಂದ ದೇಶದಲ್ಲಿ ಸೂಜಿ ಚುಚ್ಕೊಳ್ಳೋರಿಗೆ ಓಎಸ್‌ಟಿ (ನಶೆ ಬದಲು ಔಷಧಿ ಕೊಡೋ ಚಿಕಿತ್ಸೆ) ಅಂತ ಇದೇ ಔಷಧಿ ಪುಕ್ಕಟೆ ಕೊಡ್ತಿರೋದು, ಎಚ್‌ಐವಿ ಹರಡೋದು ತಡೆಯೋಕೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಮೆಥಡೋನ್, ಬುಪ್ರೆನಾರ್ಫಿನ್ ಎರಡನ್ನೂ ಅಗತ್ಯ ಔಷಧಿ ಪಟ್ಟಿಗೆ ಸೇರ್ಸಿದೆ. ಕೆಲವ್ರು ಕದ್ದು ಮಾರಿದ್ರು ಅಂತ ಉಳಿದೋರಿಗೆ ಬಾಗಿಲು ಹಾಕಿದ್ರೆ ಅವ್ರು ಹೋಗೋದು ಗರ್ದ್ ಹತ್ರಾನೇ.


ಡೊಂಬಿವಲಿ ಅಕ್ಕ:

ಎಲ್ರಿಗೂ ಎಷ್ಟು ಹೇಳಿದ್ರೂ ಸಾಲ್ದು. ನಿನ್ನೆ ರಾತ್ರಿ ಊಟ ಆದ್ಮೇಲೆ ವಿಜಾಪುರದವರು ಬರ್ದದ್ದನ್ನ ತಮ್ಮನಿಗೆ ಫೋನಲ್ಲಿ ತೋರ್ಸಿದೆ. ತಲೆ ಬೋಳ್ಸಿದ ಜಾಗಕ್ಕೆ ಬಂದು ನಿಲ್ಸಿದ, "ನಂಗೂ ಹಾಗೇ ಮಾಡಿದ್ರು, ನೀವು ನೋಡ್ಲಿಕ್ಕೆ ಬರೋ ಹೊತ್ತಿಗೆ ಕೂದ್ಲು ಬಂದಿತ್ತು" ಅಂದ. ನಮ್ಗೆ ಗೊತ್ತೇ ಇರ್ಲಿಲ್ಲ. ಅಪ್ಪ ಎದ್ದು ಬಾಲ್ಕನಿಗೆ ಹೋದ್ರು, ಬಂದವರೇ ಮಾವನಿಗೆ ಫೋನ್ ಮಾಡಿ ಅಡ್ವಾನ್ಸ್ ಕೊಡೋದು ಬೇಡ ಅಂತ ಹೇಳಿದ್ರು. ಮಾವ ಸಿಟ್ಟಲ್ಲಿದ್ದಾರೆ, ನಾವು ಮುಂಬೈಯವರು ಡಾಕ್ಟ್ರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೇವಂತೆ. ಇರ್ಲಿ ಮಾರ್ರೆ.

ತಮ್ಮ ಹೇಳಿದ್ದು, ಮಾತ್ರೆ ಬಿಡುವ ಆಸೆ ಅವನಿಗೂ ಉಂಟಂತೆ, ಆದ್ರೆ ಈಗ ಅಲ್ಲ, ಹೆದ್ರಿಕೆ ಆಗ್ತದಂತೆ. ಮುಂದಿನ ಓಪಿಡಿಗೆ ಅಪ್ಪನೂ ಬರ್ತಾರೆ. ಹುಡುಗಿ ಮನೆಯವರಿಗೆ ಅವನೇ ಹೇಳ್ತಾನಂತೆ, ಹೇಳದೆ ಮದುವೆ ಬೇಡ ಅಂದ.

ಕೊನೆಗೊಂದು ಪ್ರಶ್ನೆ. ಹುಡುಗಿ ನೋಡ್ಲಿಕ್ಕೂ, ಮನೆ ದೈವದ ಕಾರ್ಯಕ್ಕೂ ಸೇರ್ಸಿ ಊರಿಗೆ ಹೋಗ್ಬೇಕು, ಮತ್ಸ್ಯಗಂಧದಲ್ಲಿ ಟಿಕೆಟ್ ಆಗಿದೆ, ಒಂದು ವಾರದ ಮೇಲೆ ಅಲ್ಲೇ ಇರ್ತೇವೆ. ಮಾತ್ರೆ ತಗೊಂಡು ಹೋಗ್ಬಹುದಾ, ಪೊಲೀಸ್ ಹಿಡಿದ್ರೆ?


ಸಿಸ್ಟರ್ ಸಯನ್:

ಹೋಗೋಕೆ ಒಂದು ವಾರ ಮುಂಚೆಯೇ ಓಪಿಡಿಲಿ ಹೇಳಿ, ಹಿಂದಿನ ದಿನ ಬಂದು ಕೇಳ್ಬೇಡಿ, ಎಲ್ರೂ ಹಾಗೇ ಮಾಡ್ತಾರೆ. ವರ್ಷದ ಮೇಲೆ ಸರಿಯಾಗಿ ಬರ್ತಿದಾನೆ ಅಂದ್ರೆ ಡಾಕ್ಟರ್ ಅಷ್ಟು ದಿನದ್ದು ಕೊಡಬಹುದು. ಮಾತ್ರೆ ಅದರ ಸ್ಟ್ರಿಪ್ಪಲ್ಲೇ ಇರ್ಲಿ, ಕತ್ತರಿಸಿ ಪೇಪರಲ್ಲಿ ಸುತ್ಕೊಂಡು ಹೋಗ್ಬೇಡಿ. ಪ್ರಿಸ್ಕ್ರಿಪ್ಷನ್, ಓಪಿಡಿ ಕಾರ್ಡು, ಆಸ್ಪತ್ರೆ ಲೆಟರ್‌ಹೆಡ್ಡಲ್ಲಿ ಒಂದು ಪತ್ರ, ಮೂರನ್ನೂ ಅವನ ಬ್ಯಾಗಲ್ಲೇ ಇಟ್ಟು ಫೋಟೋ ನಿಮ್ಮ ಫೋನಲ್ಲೂ ಇರ್ಲಿ. ಅಲ್ಲಿ ಮನೇಲಿ ಮಕ್ಕಳಿದ್ರೆ ಬೀಗ ಹಾಕಿದ ಕಡೆ ಇಡಿ, ಚಿಕ್ಕ ಮಗು ಒಂದು ಮಾತ್ರೆ ಬಾಯಿಗೆ ಹಾಕ್ಕೊಂಡ್ರೂ ಉಸಿರಿಗೆ ಅಪಾಯ.

ಟ್ರೈನ್ ಲೇಟಾಗಿ ಒಂದು ಹೊತ್ತು ತಪ್ಪಿದ್ರೆ ಗಾಬರಿ ಬೇಡ, ನೆನಪಾದಾಗ ತಗೊಳ್ಳಿ, ಎರಡು ದಿನದ್ದು ಒಟ್ಟಿಗೆ ಬೇಡ. ಬ್ಯಾಗ್ ಕಳೆದೋಯ್ತು, ಮಾತ್ರೆ ಮುಗೀತು ಅಂದ್ರೆ ನಶೆ ಬಿಡ್ಸೋ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಹತ್ತಿರದ ಸೆಂಟರ್ ಕೇಳಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡ್ಬೋದು. ಮತ್ತೆ ಊರಲ್ಲಿ ಹಲ್ಲುನೋವು ಬೆನ್ನುನೋವು ಅಂತ ಯಾರಾದ್ರೂ ಡಾಕ್ಟರ್ ಹತ್ರ ಹೋದ್ರೆ ಈ ಮಾತ್ರೆ ಹೆಸರು ಮೊದ್ಲು ಹೇಳ್ಲಿ, ಗೊತ್ತಿಲ್ದೆ ಟ್ರಮಡಾಲ್ ಬರೆದುಬಿಡ್ತಾರೆ.


ವಿಜಾಪುರದಾಂವ ಗೋವಂಡಿ:

ಇಸಬಗೋಲ್ ಮರೀಬ್ಯಾಡ್ರಿ ಅಕ್ಕಾರ, ಊರಾಗ ಊಟ ಜೋರಾಗತದ.